ಓಡುತ್ತಿರುವ ಪ್ರಾಕ್ಸ್‌ಮಾಕ್ಸ್ ಸರ್ವರ್‌ನಲ್ಲಿ ರೂಟ್ ತುಂಬಿದೆ: ಮರುಸ್ಥಾಪನೆ ಇಲ್ಲದೆ ಪಾರ್ಟಿಷನ್ ಬದಲಿಸಬಹುದೇ?

ಲೆಕ್ಕದಮನೆ | 17ನೇ ತಾರೀಖು, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆಯ ಮೇಲಿದೆ. ಇರುವುದು ಒಂದೇ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ) ಸರ್ವರ್. ಅದರ ಮೇಲೆ ಐದು ವಿಎಂ (ತಂತ್ರಾಂಶದಿಂದ ಮಾಡಿದ ಕಂಪ್ಯೂಟರ್), ಅದಕ್ಕಿಂತ ಹಗುರವಾದ ಒಂದು ಕಂಟೇನರ್. ಟ್ಯಾಲಿ ಇರುವ ವಿಂಡೋಸ್ ವಿಎಂ 101 ನಿಂತರೆ ಕಚೇರಿಯೇ ನಿಂತಂತೆ. 20ಕ್ಕೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ಗಡುವು. ಅಲ್ಲಿಯವರೆಗೆ ಯಾರೂ ನನಗೆ ಐದು ನಿಮಿಷದ ಬಿಡುವನ್ನೂ ಕೊಡುವುದಿಲ್ಲ.

ನಿನ್ನೆ ಸಂಜೆ ವಿಂಡೋಸ್‌ನ ಹೊಸ ಐಎಸ್‌ಒ (ಸ್ಥಾಪನೆಯ ಕಡತ) ಅಪ್‌ಲೋಡ್ ಮಾಡುತ್ತಿದ್ದೆ, ಅರ್ಧಕ್ಕೆ ನಿಂತಿತು. ಇಂದು ವೆಬ್ ಪುಟದಲ್ಲಿ ಲಾಗಿನ್ ಆಗುತ್ತಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ಒಪ್ಪುತ್ತಿಲ್ಲ. ಆದೇಶ ಟೈಪಿಸುವ ಎಸ್‌ಎಸ್‌ಎಚ್‌ನಿಂದ ಒಳಹೊಕ್ಕು, ಡಿಸ್ಕ್‌ನ ಬಳಕೆ ತೋರಿಸುವ ‘ಡಿಎಫ್’ ಕೊಟ್ಟರೆ ರೂಟ್‌ನ (ಪ್ರಾಕ್ಸ್‌ಮಾಕ್ಸ್ ತಾನೇ ಇರುವ ಭಾಗದ) 94 ಜಿಬಿಯಲ್ಲಿ 94 ಜಿಬಿಯೂ ಮುಗಿದಿದೆ. ಆದರೆ ವಿಎಂಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಿವೆ.

960 ಜಿಬಿಯ ಎರಡು ಎಸ್‌ಎಸ್‌ಡಿ, ಹಾರ್ಡ್‌ವೇರ್ ರೇಡ್ 1. ‘ಎಲ್‌ವಿಎಸ್’ ತೋರಿಸುವ ಪ್ರಕಾರ ರೂಟ್ 96 ಜಿಬಿ, ಸ್ವಾಪ್ 8 ಜಿಬಿ, ‘ಡೇಟಾ’ ಎಂಬ ಥಿನ್ ಪೂಲ್ (ವಿಎಂ ಡಿಸ್ಕ್‌ಗಳು ಬರೆದಷ್ಟೇ ಜಾಗ ಹಿಡಿಯುವ ಭಾಗ) 757 ಜಿಬಿ. ಪೂಲ್‌ನಲ್ಲಿ ಬಳಕೆಯಾಗಿರುವುದು 41% ಮಾತ್ರ. ನನಗಿಂತ ಮೊದಲು ಇಲ್ಲಿದ್ದವರು ರೂಟ್‌ಗೆ ಕೈಬಿಗಿ ಹಿಡಿದು ಕೊಟ್ಟಿದ್ದಾರೆ. ಡೇಟಾದಿಂದ 200 ಜಿಬಿ ತೆಗೆದು ರೂಟ್‌ಗೆ ಸೇರಿಸಬೇಕು. ಒಂದು ವಿಡಿಯೊದಲ್ಲಿ ಮೂರೇ ಸಾಲು ಹೇಳಿದ್ದಾರೆ: ಡೇಟಾವನ್ನು ‘ಎಲ್‌ವಿರಿಮೂವ್’ನಿಂದ ತೆಗೆಯಿರಿ, ರೂಟನ್ನು ‘ಎಲ್‌ವಿರಿಸೈಜ್’ನಿಂದ ಹಿಗ್ಗಿಸಿ, ಕೊನೆಗೆ ಅದರೊಳಗಿನ ಕಡತ ವ್ಯವಸ್ಥೆಯನ್ನೂ ಹಿಗ್ಗಿಸಲು ‘ರಿಸೈಜ್2ಎಫ್‌ಎಸ್’ ಕೊಡಿ ಎಂದು. ಮಾಡಲೇ?

ರಾಗಿಮುದ್ದೆ | 17, ಬೆಳಿಗ್ಗೆ 9:20

ಬೇಡ! ಕೀಬೋರ್ಡ್‌ನಿಂದ ಕೈ ತೆಗೆಯಿರಿ. ಆ ವಿಡಿಯೊ ಈಗಷ್ಟೇ ಸ್ಥಾಪಿಸಿದ ಖಾಲಿ ಸರ್ವರ್‌ಗೆ ಹೇಳಿದ್ದು. ನಿಮ್ಮ ಟ್ಯಾಲಿ ವಿಎಂನ ಡಿಸ್ಕ್ ಇರುವುದೇ ಆ ಡೇಟಾ ಪೂಲ್ ಒಳಗೆ. ಮೊದಲ ಸಾಲಿಗೇ ವಿಎಂಗಳ ಡಿಸ್ಕ್‌ಗಳು ಹೋಗಬಹುದು. ಹಾಗಾದರೆ ಉಳಿದೆರಡು ಸಾಲು ಚೆನ್ನಾಗಿಯೇ ಕೆಲಸ ಮಾಡುತ್ತವೆ, ರೂಟ್ ವಿಶಾಲವಾಗಿ ಖಾಲಿ ಇರುತ್ತದೆ.

‘ವಿಜಿಎಸ್’ ಕೊಟ್ಟು ನೋಡಿ. 128 ಜಿಬಿಗಿಂತ ದೊಡ್ಡ ಡಿಸ್ಕ್ ಆದರೆ ಸ್ಥಾಪನೆಯ ವೇಳೆಗೇ ವಾಲ್ಯೂಮ್ ಗ್ರೂಪ್‌ನಲ್ಲಿ (ರೂಟ್, ಸ್ವಾಪ್, ಡೇಟಾ ಎಲ್ಲಕ್ಕೂ ಜಾಗ ಕೊಡುವ ಒಟ್ಟು ಗುಂಪು) 16 ಜಿಬಿ ಮುಟ್ಟದೆ ಉಳಿಸಿರುತ್ತದೆ. ಅದರಲ್ಲಿ 10 ಜಿಬಿಯನ್ನು ‘ಎಲ್‌ವಿಎಕ್ಸ್‌ಟೆಂಡ್’ನಿಂದ ರೂಟ್‌ಗೆ ಕೊಟ್ಟು ‘ರಿಸೈಜ್2ಎಫ್‌ಎಸ್’ ಮಾಡಿದರೆ ಸದ್ಯಕ್ಕೆ ಉಸಿರಾಡಬಹುದು. ರೂಟ್‌ನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4 ಓಡುತ್ತಿರುವಾಗಲೇ ಹಿಗ್ಗುತ್ತದೆ, ಏನನ್ನೂ ನಿಲ್ಲಿಸಬೇಕಿಲ್ಲ.

ಹಳೇಕೀಲಿ | 17, ಬೆಳಿಗ್ಗೆ 9:41

ರಾಗಿಮುದ್ದೆಯವರು ತಡೆದದ್ದು ಪುಣ್ಯ. ಆದರೆ ಆ 16 ಜಿಬಿಯನ್ನೂ ಈಗಲೇ ಮುಟ್ಟಬೇಡಿ. ಥಿನ್ ಪೂಲ್‌ನ ಮೆಟಾಡೇಟಾ (ಯಾವುದು ಎಲ್ಲಿದೆ ಎಂಬ ಪಟ್ಟಿ) ಎಂದಾದರೂ ಕೆಟ್ಟರೆ ರಿಪೇರಿಗೆ ಬೇಕಾಗುವ ಖಾಲಿ ಜಾಗ ಅದು. ಮನೆಯಲ್ಲಿ ಬಿತ್ತನೆಗೆ ತೆಗೆದಿಟ್ಟ ಕಾಳಿದ್ದಂತೆ, ಹಸಿವಾದ ಮೊದಲ ದಿನವೇ ಕುಟ್ಟಿ ಉಣ್ಣುವುದಲ್ಲ.

ನಿಮ್ಮ ಹಿಂದಿನವರನ್ನು ಬಯ್ಯಬೇಡಿ. ಡಿಸ್ಕ್ ದೊಡ್ಡದಿದ್ದರೆ ರೂಟ್‌ಗೆ 96 ಜಿಬಿ ಎಂಬುದು ಪ್ರಾಕ್ಸ್‌ಮಾಕ್ಸ್ ತಾನೇ ಹಾಕುವ ಮಿತಿ, ಅವರು ಎಂಟರ್ ಒತ್ತಿದ್ದಾರೆ ಅಷ್ಟೇ. ಅದು ಕಡಿಮೆಯೂ ಅಲ್ಲ. ನನ್ನ ಕೈಯಲ್ಲಿರುವ ಸರ್ವರ್‌ಗಳಲ್ಲಿ ರೂಟ್ 15 ಜಿಬಿ ದಾಟಿದ್ದಿಲ್ಲ. ಹಾಗಾಗಿ ‘ರೂಟ್ ಹೇಗೆ ಹಿಗ್ಗಿಸಲಿ’ ಎಂಬುದಕ್ಕಿಂತ ‘94 ಜಿಬಿ ತಿಂದದ್ದು ಯಾರು’ ಎಂದು ಮೊದಲು ಕೇಳಬೇಕು.

ಸರ್ವರನ್ನು ರೀಬೂಟ್ ಮಾಡಬೇಡಿ. ಇದನ್ನು ಕಾಗದದ ಮೇಲೆ ಬರೆದು ಸರ್ವರ್‌ಗೆ ಅಂಟಿಸಿದರೂ ಸರಿ. ಇಟಿಸಿ-ಪಿವಿಇ ಎಂಬ ಫೋಲ್ಡರ್ ನಿಜವಾದ ಫೋಲ್ಡರ್ ಅಲ್ಲ. ರೂಟ್‌ನಲ್ಲಿರುವ ಒಂದು ಪುಟ್ಟ ಎಸ್‌ಕ್ಯೂಲೈಟ್ ಕಡತದಿಂದ ಅದನ್ನು ಎತ್ತಿ ನಿಲ್ಲಿಸಿರುತ್ತಾರೆ. ರೂಟ್‌ನಲ್ಲಿ ಬರೆಯಲು ಜಾಗವಿಲ್ಲದಿದ್ದರೆ ಅದು ಕೈಕೊಡುತ್ತದೆ, ಲಾಗಿನ್ ಆಗದಿರುವುದು ಅದಕ್ಕೇ. ವಿಎಂಗಳು ಓಡುತ್ತಿರುವುದು ಅವುಗಳ ಡಿಸ್ಕ್ ಪೂಲ್‌ನಲ್ಲಿರುವುದರಿಂದ. ಈಗ ರೀಬೂಟ್ ಮಾಡಿದರೆ ಆ ಫೋಲ್ಡರ್ ಖಾಲಿಯಾಗಿ ಬರಬಹುದು. ವಿಎಂಗಳ ಸಂರಚನೆ ಇರುವುದು ಅಲ್ಲೇ, ಆಮೇಲೆ ಒಂದು ವಿಎಂ ಕೂಡ ಏಳುವುದಿಲ್ಲ.

ಮೊದಲು ‘ಆಪ್ಟ್ ಕ್ಲೀನ್’ ಕೊಡಿ, ಜರ್ನಲ್ ಲಾಗನ್ನು 200 ಎಂಬಿಗೆ ಇಳಿಸಿ, ಅರ್ಧಕ್ಕೆ ನಿಂತ ಐಎಸ್‌ಒ ತುಣುಕು ವಾರ್-ಟಿಎಂಪಿಯಲ್ಲಿ ಬಿದ್ದಿದ್ದರೆ ಅಳಿಸಿ. ಎರಡು-ಮೂರು ಜಿಬಿ ಸಿಗುತ್ತದೆ. ಆಮೇಲೆ ಕಡತಗಳ ಗಾತ್ರ ಕೂಡಿಸುವ ‘ಡಿಯು’ವನ್ನು ಎಕ್ಸ್ ಆಯ್ಕೆಯೊಂದಿಗೆ ರೂಟ್ ಮೇಲೆ ಓಡಿಸಿ. ಎಕ್ಸ್ ಇದ್ದರೆ ಅದು ಬೇರೆ ಡಿಸ್ಕ್‌ಗಳೊಳಗೆ ನುಗ್ಗುವುದಿಲ್ಲ. ಏನು ಬಂತು ಹೇಳಿ.

ಅಂದ ಹಾಗೆ ಆದೇಶಗಳನ್ನು ಬೇಕೆಂದೇ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ನಕಲು ಮಾಡಿ ಅಂಟಿಸಲು ಆಗುವುದಿಲ್ಲ, ಪ್ರತಿಯೊಂದನ್ನೂ ಓದಿ, ಯೋಚಿಸಿ, ಕೈಯಿಂದ ಟೈಪಿಸಬೇಕು.

ಲೆಕ್ಕದಮನೆ | 17, ಬೆಳಿಗ್ಗೆ 10:26

ಹಳೇಕೀಲಿ ಸರ್, ತುಂಬ ಉಪಕಾರವಾಯಿತು. ಸುಮಾರು 3 ಜಿಬಿ ಸಿಕ್ಕಿತು, ಆ ಫೋಲ್ಡರನ್ನು ಎತ್ತಿ ನಿಲ್ಲಿಸುವ ಕ್ಲಸ್ಟರ್ ಸೇವೆಯನ್ನು ಮರಳಿ ಶುರು ಮಾಡಿದ ಮೇಲೆ ವೆಬ್ ಪುಟವೂ ತೆರೆಯಿತು. ಆದರೆ ಲೆಕ್ಕ ತಾಳೆಯಾಗುತ್ತಿಲ್ಲ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೂತು ಈ ಮಾತು ಹೇಳಲು ನಾಚಿಕೆ. ‘ಡಿಎಫ್’ 91 ಜಿಬಿ ಬಳಕೆ ಎನ್ನುತ್ತದೆ. ‘ಡಿಯು’ ಕೂಡಿಸಿದರೆ ಬರುವುದು 20 ಜಿಬಿ. ಅದರಲ್ಲೂ 12 ಜಿಬಿ ಹಳೆಯ ಐಎಸ್‌ಒಗಳು. ನಡುವಿನ 71 ಜಿಬಿ ಎಲ್ಲಿ?

ರಾಗಿಮುದ್ದೆ | 17, ಬೆಳಿಗ್ಗೆ 10:31

ಅಳಿಸಿದ ಮೇಲೂ ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರುವ ಕಡತ ಇರಬಹುದು. ‘ಎಲ್‌ಎಸ್‌ಒಎಫ್’ಗೆ ಪ್ಲಸ್ ಎಲ್1 ಕೊಟ್ಟು ನೋಡಿ. ಜೊತೆಗೆ ಇಎಕ್ಸ್‌ಟಿ4 5% ಜಾಗವನ್ನು ಕಾಯ್ದಿರಿಸುತ್ತದೆ, ‘ಟ್ಯೂನ್2ಎಫ್‌ಎಸ್’ನಿಂದ 1%ಗೆ ಇಳಿಸಿದರೆ ಸುಮಾರು ನಾಲ್ಕು ಜಿಬಿ ಸಿಗುತ್ತದೆ.

ಹಳೇಕೀಲಿ | 17, ಬೆಳಿಗ್ಗೆ 10:44

5%ರ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆ ಮೀಸಲು ಇರುವುದು ರೂಟ್ ಎಂಬ ನಿರ್ವಾಹಕ ಬಳಕೆದಾರನಿಗೆ (ಡಿಸ್ಕ್‌ನ ರೂಟ್ ಬೇರೆ, ಇದು ಬೇರೆ). ಪ್ರಾಕ್ಸ್‌ಮಾಕ್ಸ್‌ನಲ್ಲಿ ಬ್ಯಾಕಪ್ ಬರೆಯುವವನೂ ರೂಟೇ, ಕ್ಲಸ್ಟರ್ ಸೇವೆಯೂ ರೂಟೇ. ಮೀಸಲನ್ನು ಅವರು ಆಗಲೇ ತಿಂದು ಮುಗಿಸಿದ್ದಾರೆ.

ಲೆಕ್ಕದಮನೆಯವರೇ, ಒಂದು ಪ್ರಶ್ನೆ. ನಿಮ್ಮ ಬ್ಯಾಕಪ್ ಎಲ್ಲಿಗೆ ಹೋಗುತ್ತದೆ? ಯುಎಸ್‌ಬಿ ಡಿಸ್ಕ್‌ಗೆ ಅಥವಾ ಎನ್‌ಎಎಸ್‌ಗೆ (ಜಾಲದಲ್ಲಿರುವ ಸಂಗ್ರಹ ಪೆಟ್ಟಿಗೆ) ಎಂದಾದರೆ, ಇತ್ತೀಚೆಗೆ ಕರೆಂಟ್ ಹೋಗಿತ್ತೇ?

ಲೆಕ್ಕದಮನೆ | 17, ಬೆಳಿಗ್ಗೆ 10:52

ಯುಎಸ್‌ಬಿ ಡಿಸ್ಕ್‌ಗೆ ಸರ್. ಎಂಎನ್‌ಟಿ ಒಳಗಿನ ‘ಯುಎಸ್‌ಬಿ-ಬ್ಯಾಕಪ್’ ಫೋಲ್ಡರ್‌ಗೆ ಮೌಂಟ್ ಆಗುತ್ತದೆ (ಡಿಸ್ಕ್‌ನಲ್ಲಿರುವುದು ಆ ಫೋಲ್ಡರ್‌ನಲ್ಲಿ ಕಾಣುತ್ತದೆ). ಪ್ರತಿ ರಾತ್ರಿ 11ಕ್ಕೆ ವಿಎಂ 101ರ ಬ್ಯಾಕಪ್. 5ರ ಸಂಜೆ ಗುಡುಗು-ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಬಿಟ್ಟಿತ್ತು. ನಿಮಗೆ ಹೇಗೆ ತಿಳಿಯಿತು?

ಹಳೇಕೀಲಿ | 17, ಬೆಳಿಗ್ಗೆ 11:15

ನನಗೂ ಒಮ್ಮೆ ಹೀಗೇ ಆಗಿತ್ತು, ಅದರಿಂದ ತಿಳಿಯಿತು.

ಕರೆಂಟ್ ಬಂದು ಸರ್ವರ್ ಎದ್ದಾಗ ಯುಎಸ್‌ಬಿ ಡಿಸ್ಕ್ ಮೌಂಟ್ ಆಗಲಿಲ್ಲ. ಆದರೆ ‘ಯುಎಸ್‌ಬಿ-ಬ್ಯಾಕಪ್’ ಎಂಬ ಖಾಲಿ ಫೋಲ್ಡರ್ ರೂಟ್‌ನಲ್ಲಿ ಇದ್ದೇ ಇರುತ್ತದಲ್ಲ? ರಾತ್ರಿ 11ಕ್ಕೆ ಬ್ಯಾಕಪ್ ಕೆಲಸ ಬಂತು, ಫೋಲ್ಡರ್ ಕಂಡಿತು, ಅಲ್ಲೇ ಬರೆಯಿತು. ವರದಿಯೂ ‘ಯಶಸ್ವಿ’ ಎಂದೇ ಬಂದಿರುತ್ತದೆ. ಹೀಗೆ ಕೆಲವು ರಾತ್ರಿ ನಡೆದ ಮೇಲೆ ಯಾರೋ ಡಿಸ್ಕನ್ನು ಮತ್ತೆ ಮೌಂಟ್ ಮಾಡಿದ್ದಾರೆ. ಆಗ ಕೆಳಗಿದ್ದ ಕಡತಗಳು ಮರೆಯಾದವು. ನಮ್ಮ ಕಡೆ ಹಗೇವು ಎಂದು ಇರುತ್ತಿತ್ತು, ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಅದರ ಬಾಯಿಗೆ ಚಪ್ಪಡಿ ಎಳೆದು ಮೇಲೊಂದು ಕಣಜ ಇಟ್ಟರೆ ಮನೆಗೆ ಬಂದವರಿಗೆ ಕಣಜ ಮಾತ್ರ ಕಾಣುತ್ತದೆ. ‘ಡಿಯು’ ಕಂಡದ್ದನ್ನು ಎಣಿಸಿತು. ‘ಡಿಎಫ್’ ನೆಲದ ಲೆಕ್ಕವನ್ನೇ ಕೇಳಿತು.

ಚಪ್ಪಡಿ ಎತ್ತದೆ ಒಳಗೆ ಇಣುಕಲು ದಾರಿಯಿದೆ. ಎಂಎನ್‌ಟಿಯಲ್ಲಿ ‘ಇಣುಕು’ ಎಂಬ ಹೊಸ ಫೋಲ್ಡರ್ ಮಾಡಿ. ‘ಮೌಂಟ್’ ಆದೇಶಕ್ಕೆ ಬೈಂಡ್ ಆಯ್ಕೆ ಕೊಟ್ಟು ರೂಟನ್ನು ಅಲ್ಲಿಗೆ ಕಟ್ಟಿ. ಬೈಂಡ್ ಮಾತ್ರ, ಆರ್‌ಬೈಂಡ್ ಅಲ್ಲ, ಆರ್‌ಬೈಂಡ್ ಕೊಟ್ಟರೆ ಮೇಲಿನ ಮೌಂಟ್‌ಗಳೂ ಜೊತೆಗೆ ಬಂದು ಮತ್ತೆ ಮುಚ್ಚಿಬಿಡುತ್ತವೆ. ಈಗ ಇಣುಕು ಒಳಗಿನ ಎಂಎನ್‌ಟಿ, ಅದರೊಳಗಿನ ಯುಎಸ್‌ಬಿ-ಬ್ಯಾಕಪ್ ನೋಡಿ. ಏನಿದ್ದರೂ ತಕ್ಷಣ ಅಳಿಸಬೇಡಿ.

ಲೆಕ್ಕದಮನೆ | 17, ಬೆಳಿಗ್ಗೆ 11:33

ಸಿಕ್ಕಿತು! ‘ಡಂಪ್’ ಫೋಲ್ಡರ್‌ನಲ್ಲಿ ಒಂಬತ್ತು ಕಡತ, 5ರಿಂದ 13ರ ರಾತ್ರಿಯವರೆಗಿನ ವಿಎಂ 101ರ ಬ್ಯಾಕಪ್‌ಗಳು, ಒಂದೊಂದೂ 7.9 ಜಿಬಿ. ಒಟ್ಟು 71. ಅದೇ 71!

ಯುಎಸ್‌ಬಿ ಡಿಸ್ಕ್‌ನಲ್ಲಿ ನೋಡಿದರೆ 4ನೇ ತಾರೀಖಿನ ನಂತರ ನೇರ 14ಕ್ಕೆ ಹಾರಿದೆ. ನಡುವಿನ ಒಂಬತ್ತು ದಿನ ಅಲ್ಲಿಲ್ಲ. ಅಳಿಸಬೇಡಿ ಎಂದದ್ದು ಏಕೆಂದು ಈಗ ಅರ್ಥವಾಯಿತು.

ಹಳೇಕೀಲಿ | 17, ಬೆಳಿಗ್ಗೆ 11:40

ಒಂದೊಂದಾಗಿ ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿ, ಗಾತ್ರ ಹೋಲಿಸಿ, ಆಮೇಲೆ ಇಣುಕು ಕಡೆಯಿಂದ ಅಳಿಸಿ. ಊಟದ ಹೊತ್ತಿಗೆ ಮುಗಿಯುತ್ತದೆ. ಕೊನೆಯಲ್ಲಿ ಇಣುಕನ್ನು ಅನ್‌ಮೌಂಟ್ ಮಾಡಲು ಮರೆಯಬೇಡಿ. ಯಾರಾದರೂ ಅದನ್ನು ಖಾಲಿ ಫೋಲ್ಡರ್ ಎಂದುಕೊಂಡು ‘ಆರ್‌ಎಂ’ ಕೊಟ್ಟರೆ ರೂಟೇ ಹೋಗುತ್ತದೆ.

ಇದು ಮರುಕಳಿಸದಿರಲು ಸ್ಟೋರೇಜ್ ಸಂರಚನೆಯಲ್ಲಿ ಆ ಯುಎಸ್‌ಬಿ ಸ್ಟೋರೇಜ್‌ಗೆ ‘ಈಸ್-ಮೌಂಟ್‌ಪಾಯಿಂಟ್’ ಎಂಬ ಆಯ್ಕೆಗೆ ಯೆಸ್ ಕೊಡಿ. ‘ಪಿವಿಇಎಸ್‌ಎಂ ಸೆಟ್’ನಿಂದ ಒಂದೇ ಸಾಲು. ಆಗ ಡಿಸ್ಕ್ ಮೌಂಟ್ ಆಗಿರದಿದ್ದರೆ ಸ್ಟೋರೇಜ್ ಇಲ್ಲವೆಂದೇ ಲೆಕ್ಕ, ಬ್ಯಾಕಪ್ ಕೆಲಸ ದೋಷ ತೋರಿಸಿ ನಿಲ್ಲುತ್ತದೆ.

ಲೆಕ್ಕದಮನೆ | 17, ಸಂಜೆ 6:05

ರೂಟ್ ಈಗ 20 ಜಿಬಿ. ಟ್ಯಾಲಿಯವರಿಗೆ ಏನಾಯಿತೆಂದೇ ಗೊತ್ತಿಲ್ಲ.

ಆದರೂ ಮೂಲ ಪ್ರಶ್ನೆ ಬಿಡುತ್ತಿಲ್ಲ. ಐಎಸ್‌ಒ, ಟೆಂಪ್ಲೇಟ್ ಇಡಲು ನನಗೆ ನೂರು ಜಿಬಿಯಾದರೂ ಬೇಕು, ಅದನ್ನೆಲ್ಲ ರೂಟ್‌ನಲ್ಲಿ ಇಡಲು ಈಗ ಭಯ. ಡೇಟಾ ಪೂಲನ್ನು ಸ್ವಲ್ಪ ಕುಗ್ಗಿಸಲು ಆಗುವುದಿಲ್ಲವೇ?

ತುಂಗಾತೀರ | 17, ರಾತ್ರಿ 8:18

ನಾನು ಶಿವಮೊಗ್ಗದ ಒಂದು ಸಹಕಾರಿ ಸಂಘದಲ್ಲಿ ಸಿಸ್ಟಂ ನೋಡಿಕೊಳ್ಳುತ್ತೇನೆ. ಪೂಲ್ ಕುಗ್ಗಿಸಲು ನಾನು ಕಳೆದ ವಾರ ಪ್ರಯತ್ನಿಸಿದೆ. ‘ಎಲ್‌ವಿರೆಡ್ಯೂಸ್’ ಕೊಟ್ಟರೆ, ಥಿನ್ ಪೂಲನ್ನು ಸದ್ಯಕ್ಕೆ ಕಿರಿದು ಮಾಡಲಾಗದು ಎಂದು ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಖಡಾಖಂಡಿತವಾಗಿ ಹೇಳಿತು. ಹಾಗಾಗಿ ನನ್ನದೂ ಇದೇ ಪ್ರಶ್ನೆ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಕೊಟ್ಟವರು ‘ಥಿನ್ ಬೇಡ, ಪೂರ್ತಿ ಜಾಗ ಮೊದಲೇ ಹಿಡಿದಿಟ್ಟ ವಾಲ್ಯೂಮ್ ಬೇಕು’ ಎಂದು ಹಟ ಹಿಡಿದಿದ್ದಾರೆ. ನಮ್ಮ ಪೂಲ್ 1.6 ಟಿಬಿ, ಬಳಕೆ 22%. ವಾಲ್ಯೂಮ್ ಗ್ರೂಪ್‌ನಲ್ಲಿ ಬೇರೆ ಜಾಗವಿಲ್ಲ.

ಹಳೇಕೀಲಿ | 17, ರಾತ್ರಿ 9:30

ಇಬ್ಬರ ಪ್ರಶ್ನೆಯೂ ಒಂದೇ ರೀತಿ ಕಂಡರೂ ಉತ್ತರ ಬೇರೆ.

ಲೆಕ್ಕದಮನೆಯವರೇ, ನೀವು ಏನನ್ನೂ ಕುಗ್ಗಿಸಬೇಕಿಲ್ಲ. ಪೂಲ್ ವಿಎಂಗಳಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ. ಅದರಿಂದಲೇ 120 ಜಿಬಿಯ ಒಂದು ಥಿನ್ ವಾಲ್ಯೂಮ್ ಸೃಷ್ಟಿಸಿ, ‘ಉಗ್ರಾಣ’ ಎಂದು ಹೆಸರಿಡಿ. ಇಎಕ್ಸ್‌ಟಿ4 ಹಾಕಿ, ಎಂಎನ್‌ಟಿ ಒಳಗೆ ಮೌಂಟ್ ಮಾಡಿ, ಎಫ್‌ಸ್ಟ್ಯಾಬ್‌ನಲ್ಲಿ (ಶುರುವಾಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿ) ಯುಯುಐಡಿಯಿಂದ (ಅದರ ಗುರುತಿನ ಸಂಖ್ಯೆ) ಬರೆದು, ಮೌಂಟ್ ಆಗದಿದ್ದರೂ ಸರ್ವರ್ ಏಳಲೆಂದು ‘ನೋಫೇಲ್’ ಸೇರಿಸಿ. ಆಮೇಲೆ ಡೇಟಾಸೆಂಟರ್ ಪುಟದಲ್ಲಿ ಡೈರೆಕ್ಟರಿ ಸ್ಟೋರೇಜ್ ಆಗಿ ಸೇರಿಸಿ. ಇದಕ್ಕೂ ಈಸ್-ಮೌಂಟ್‌ಪಾಯಿಂಟ್ ಇರಲಿ. ಐಎಸ್‌ಒ, ಟೆಂಪ್ಲೇಟ್ ಎರಡಕ್ಕೇ ಅನುಮತಿ ಕೊಡಿ, ಬ್ಯಾಕಪ್‌ಗೆ ಬೇಡ. ವಿಎಂ ಇರುವ ಡಿಸ್ಕ್‌ನಲ್ಲೇ ಅದರ ಬ್ಯಾಕಪ್ ಇಡುವುದೆಂದರೆ ಮನೆ ಬೀಗದ ಎರಡು ಕೀಲಿಯನ್ನೂ ಒಂದೇ ಜೇಬಿನಲ್ಲಿ ಇಟ್ಟಂತೆ.

ಇದಿಷ್ಟಕ್ಕೂ ಒಂದು ವಿಎಂ ಕೂಡ ನಿಲ್ಲುವುದಿಲ್ಲ. 20 ಆಗುವವರೆಗೆ ಕಾಯಲೂ ಬೇಕಿಲ್ಲ, ಆದರೂ ಕಾಯಿರಿ. ಗಡುವಿನ ವಾರದಲ್ಲಿ ನಾನಾದರೆ ಸ್ಟೋರೇಜ್ ಮುಟ್ಟುವುದಿಲ್ಲ.

ಒಂದು ಲೆಕ್ಕ ಮಾತ್ರ ಹಾಕಿ. ಪೂಲ್ ಇರುವುದು 757 ಜಿಬಿ. ವಿಎಂಗಳಿಗೆ ಈಗಾಗಲೇ ಮಾತು ಕೊಟ್ಟಿರುವ ಗಾತ್ರಗಳನ್ನು ಕೂಡಿಸಿ. ಉಗ್ರಾಣ ಸೇರಿಸಿದರೂ 757 ದಾಟಬಾರದು, ಸ್ನ್ಯಾಪ್‌ಶಾಟ್‌ಗಳಿಗೂ (ಡಿಸ್ಕ್ ಒಂದು ಕ್ಷಣದಲ್ಲಿ ಇದ್ದಂತೆ ಹಿಡಿದಿಟ್ಟ ಸ್ಥಿತಿ) ಒಂದಿಷ್ಟು ಉಳಿಯಬೇಕು.

ರಾಗಿಮುದ್ದೆ | 17, ರಾತ್ರಿ 9:47

ಅಲ್ಲಿ ನನ್ನ ತಕರಾರಿದೆ. ಇರುವುದಕ್ಕಿಂತ ಹೆಚ್ಚು ಮಾತು ಕೊಡಲೆಂದೇ ಅಲ್ಲವೇ ಥಿನ್ ಇರುವುದು? ನಾನು 2 ಟಿಬಿ ಪೂಲ್ ಮೇಲೆ 5 ಟಿಬಿ ಹಂಚಿದ್ದೇನೆ. ಮೂರು ವರ್ಷದಿಂದ ತೊಂದರೆಯಿಲ್ಲ.

ಹಳೇಕೀಲಿ | 17, ರಾತ್ರಿ 9:58

ನೀವು ದಿನಾ ಕಣ್ಣಿಟ್ಟು ನೋಡುತ್ತೀರಿ, ಡಿಸ್ಕ್ ಸೇರಿಸಲು ಕೈಯಲ್ಲಿ ಹಣವೂ ಇದೆ. ಒಬ್ಬರೇ ಇರುವ ಕಚೇರಿಯಲ್ಲಿ ಪೂಲ್ ತುಂಬಿದರೆ ಎಲ್ಲ ವಿಎಂಗಳಿಗೂ ಒಟ್ಟಿಗೆ ಬರೆಯುವ ದೋಷ ಬರುತ್ತದೆ, ಒಳಗಿನ ಕಡತ ವ್ಯವಸ್ಥೆ ಕೆಡಬಹುದು. ಬಳಕೆಯ ಶೇಕಡಾದ ಪಕ್ಕದಲ್ಲೇ ಇರುವ ಮೆಟಾಡೇಟಾ ಶೇಕಡಾವನ್ನು ಎಷ್ಟು ಜನ ನೋಡುತ್ತಾರೆ ಹೇಳಿ? ಅದು ತುಂಬಿದರೆ ಇನ್ನೂ ಕಷ್ಟ. ವಿಎಂ ಡಿಸ್ಕ್‌ಗಳಿಗೆ ‘ಡಿಸ್ಕಾರ್ಡ್’ ಆಯ್ಕೆ ಹಾಕಿ, ಖಾಲಿ ಜಾಗ ಬಿಟ್ಟುಕೊಡುವ ‘ಎಫ್‌ಎಸ್‌ಟ್ರಿಮ್’ ಆದೇಶವನ್ನು ಒಳಗೆ ಓಡಿಸದಿದ್ದರೆ, ಅಳಿಸಿದ ಜಾಗ ಪೂಲ್‌ಗೆ ಮರಳುವುದೂ ಇಲ್ಲ. ಉಗ್ರಾಣಕ್ಕೂ ಇದೇ ನಿಯಮ.

ಹಳೇಕೀಲಿ | 17, ರಾತ್ರಿ 10:20

ಇನ್ನು ತುಂಗಾತೀರ ಮೇಡಂ ಅವರದು. ಪೂಲ್ ಕುಗ್ಗುವುದಿಲ್ಲ. ಆದರೆ ಖಾಲಿ ಮಾಡಿ, ತೆಗೆದು, ಚಿಕ್ಕದಾಗಿ ಕಟ್ಟಬಹುದು. ಅದಕ್ಕೆ ಇನ್ನೊಂದು ಡಿಸ್ಕ್ ಬೇಕು, ಕೆಲವು ಗಂಟೆಗಳ ಮಟ್ಟಿಗೆ. ಅದನ್ನು ಇದೇ ವಾಲ್ಯೂಮ್ ಗ್ರೂಪ್‌ಗೆ ಸೇರಿಸಬೇಡಿ. ರೇಡ್ ಇಲ್ಲದ ಒಂಟಿ ಡಿಸ್ಕ್ ಗುಂಪಿಗೆ ಸೇರಿದರೆ ಅದು ಸತ್ತ ದಿನ ಗುಂಪೇ ಕುಂಟುತ್ತದೆ. ಪ್ರತ್ಯೇಕ ಥಿನ್ ಸ್ಟೋರೇಜ್ ಆಗಿಯೇ ಇರಲಿ.

ಮೊದಲು ಬ್ಯಾಕಪ್, ಅದೂ ಬೇರೆ ಯಂತ್ರಕ್ಕೆ. ಆಮೇಲೆ ಪ್ರತಿ ವಿಎಂನ ಡಿಸ್ಕನ್ನು ‘ಮೂವ್ ಡಿಸ್ಕ್’ನಿಂದ ಹೊಸ ಸ್ಟೋರೇಜ್‌ಗೆ ಸಾಗಿಸಿ. ವಿಎಂ ಓಡುತ್ತಿರುವಾಗಲೇ, ಅದನ್ನು ಓಡಿಸುವ ಕ್ಯೂಇಎಂಯು ತಂತ್ರಾಂಶ ಎರಡೂ ಕಡೆ ಬರೆಯುತ್ತ ಸಾಗಿಸುತ್ತದೆ, ಒಳಗಿರುವವರಿಗೆ ಗೊತ್ತಾಗುವುದಿಲ್ಲ. ಕಂಟೇನರ್ ಆದರೆ ಮಾತ್ರ ನಿಲ್ಲಿಸಬೇಕು. ಸ್ನ್ಯಾಪ್‌ಶಾಟ್ ಇರುವ ಡಿಸ್ಕನ್ನು ಸಾಗಿಸಿ ಮೂಲವನ್ನು ಅಳಿಸಲು ಪ್ರಾಕ್ಸ್‌ಮಾಕ್ಸ್ ಬಿಡುವುದಿಲ್ಲ, ಸ್ನ್ಯಾಪ್‌ಶಾಟ್‌ಗಳನ್ನು ಮೊದಲೇ ತೆಗೆಯಿರಿ. ಟಿಪಿಎಂ (ಭದ್ರತಾ ಕೀಲಿಗಳನ್ನು ಇಡುವ ಚಿಪ್) ಇರುವ ವಿಂಡೋಸ್ ವಿಎಂ ಆದರೆ ಆ ಪುಟ್ಟ ಟಿಪಿಎಂ ಡಿಸ್ಕ್ ಸಾಗಿಸಲು ವಿಎಂ ನಿಲ್ಲಿಸಲೇಬೇಕು.

ಎಲ್ಲ ಆದ ಮೇಲೆ ‘ಎಲ್‌ವಿಎಸ್’ ಕೊಟ್ಟು ‘ಪೂಲ್’ ಎಂಬ ಕಂಬಸಾಲಿನಲ್ಲಿ ‘ಡೇಟಾ’ ಎಂದು ಬರೆದ ಒಂದೇ ಒಂದು ಸಾಲೂ ಉಳಿದಿಲ್ಲ ಎಂದು ನೋಡಿ. ಟೆಂಪ್ಲೇಟ್‌ನ ‘ಬೇಸ್’ ಡಿಸ್ಕ್, ಯಾವುದೋ ಕಾಲದ ಬಳಕೆಯಿಲ್ಲದ ಡಿಸ್ಕ್, ವಿಎಂಗೆ ಆರಂಭದ ಸಂರಚನೆ ಕೊಡುವ ಕ್ಲೌಡ್-ಇನಿಟ್ ಡ್ರೈವ್ ಇಂಥವು ಮೂಲೆಯಲ್ಲಿ ಕೂತಿರುತ್ತವೆ. ಏನೂ ಇಲ್ಲವೆಂದ ಮೇಲೆಯೇ ಆ ವಿಡಿಯೊದ ಮೊದಲ ಸಾಲಾದ ‘ಎಲ್‌ವಿರಿಮೂವ್’. ಹೊಸ ಪೂಲ್‌ಗೂ ‘ಡೇಟಾ’ ಎಂದೇ ಹೆಸರಿಟ್ಟರೆ ಸ್ಟೋರೇಜ್ ಸಂರಚನೆ ಬದಲಿಸಬೇಕಿಲ್ಲ. ಕೊನೆಗೆ ಡಿಸ್ಕ್‌ಗಳನ್ನು ಮರಳಿ ತನ್ನಿ.

ಡ್ಯಾನ್ಯೂಬ್ ದಂಡೆ | 18, ಬೆಳಗಿನ ಜಾವ 1:55

ವಿಯೆನ್ನಾದಿಂದ ನಮಸ್ಕಾರ. ಪ್ರಾಕ್ಸ್‌ಮಾಕ್ಸ್ ಕಂಪನಿ ಇರುವುದು ಇದೇ ಊರಿನಲ್ಲಿ, ನಾನಂತೂ ಆ ಬಾಗಿಲು ನೋಡಿಲ್ಲ. ಒಂದು ಮಾತು: ಸ್ಥಾಪಿಸುವಾಗ ಜೆಡ್‌ಎಫ್‌ಎಸ್ ಎಂಬ ಬೇರೆ ಕಡತ ವ್ಯವಸ್ಥೆ ಆರಿಸಿದ್ದರೆ ಈ ಗೋಡೆಯೇ ಇರುತ್ತಿರಲಿಲ್ಲ. ರೂಟ್ ಮತ್ತು ವಿಎಂ ಡಿಸ್ಕ್ ಒಂದೇ ಪೂಲ್‌ನ ಜಾಗವನ್ನು ಹಂಚಿಕೊಳ್ಳುತ್ತವೆ. ಗೋಡೆ ಬೇಕಾದಲ್ಲಿ ಕೋಟಾ ಹಾಕಬಹುದು, ಬೇಡವಾದಾಗ ಒಂದು ಆದೇಶಕ್ಕೆ ತೆಗೆಯಬಹುದು. ಆದರೆ ಹಾರ್ಡ್‌ವೇರ್ ರೇಡ್ ಮೇಲೆ ಅದನ್ನು ಹಾಕಬಾರದು, ರ್‍ಯಾಮ್ ಕೂಡ ಧಾರಾಳವಾಗಿ ಕೇಳುತ್ತದೆ.

ಪಡುವಣಗಾಳಿ | 19, ಮಧ್ಯಾಹ್ನ 2:40

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ರೇಡ್‌ನ ಡಿಸ್ಕ್‌ಗಳನ್ನು ಒಂದೊಂದಾಗಿ ಬದಲಿಸಿ ದೊಡ್ಡದು ಮಾಡಿದೆವು. ಕಂಟ್ರೋಲರ್ 1.7 ಟಿಬಿ ತೋರಿಸುತ್ತದೆ, ಪ್ರಾಕ್ಸ್‌ಮಾಕ್ಸ್ ಹಳೆಯ ಗಾತ್ರವನ್ನೇ ಹೇಳುತ್ತದೆ. ರೀಬೂಟ್ ಬೇಕೇ?

ರಾಗಿಮುದ್ದೆ | 19, ಮಧ್ಯಾಹ್ನ 2:58

ಸಾಮಾನ್ಯವಾಗಿ ಬೇಡ. ಡಿಸ್ಕನ್ನು ರೀಸ್ಕ್ಯಾನ್ ಮಾಡಿಸಿ. ಪಾರ್ಟಿಷನ್ ಪಟ್ಟಿಯನ್ನು ‘ಎಸ್‌ಎಫ್‌ಡಿಸ್ಕ್’ನಿಂದ ಕಡತಕ್ಕೆ ಬರೆದು ಬೇರೆ ಯಂತ್ರದಲ್ಲಿ ಇಟ್ಟುಕೊಳ್ಳಿ. ಜಿಪಿಟಿಯ (ಆ ಪಾರ್ಟಿಷನ್ ಪಟ್ಟಿಯ) ಎರಡನೆಯ ಪ್ರತಿ ಡಿಸ್ಕ್‌ನ ಹಳೆಯ ತುದಿಯಲ್ಲೇ ಇರುತ್ತದೆ, ‘ಎಸ್‌ಜಿಡಿಸ್ಕ್’ಗೆ ಇ ಆಯ್ಕೆ ಕೊಟ್ಟು ಹೊಸ ತುದಿಗೆ ಸರಿಸಿ. ಆಮೇಲೆ ‘ಗ್ರೋಪಾರ್ಟ್’ನಿಂದ ಮೂರನೆಯ ಪಾರ್ಟಿಷನ್ ಹಿಗ್ಗಿಸಿ, ಅದರ ಮೇಲೆ ‘ಪಿವಿರಿಸೈಜ್’. ಹೊಸ ಜಾಗ ವಾಲ್ಯೂಮ್ ಗ್ರೂಪ್‌ಗೆ ಬಂದಿರುತ್ತದೆ. ಪೂಲ್‌ಗೆ ಎಷ್ಟು, ರೂಟ್‌ಗೆ ಎಷ್ಟು ಎಂಬುದು ನಿಮ್ಮ ಇಷ್ಟ. ಹಿಗ್ಗಿಸುವುದು ಯಾವತ್ತೂ ಸುಲಭ.

ಲೆಕ್ಕದಮನೆ | 21, ರಾತ್ರಿ 9:10

ಗಡುವು ಮುಗಿಯಿತು, ಉಗ್ರಾಣ ಸಿದ್ಧವಾಯಿತು. ವಿಎಂಗಳಿಗೆ ಕೊಟ್ಟ ಮಾತು 610 ಜಿಬಿ, ಉಗ್ರಾಣದ 120 ಸೇರಿ 730. ಇಡೀ ಕೆಲಸ ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ನಾನು ಟೈಪಿಸಿದ್ದನ್ನು ಎಂಟರ್ ಒತ್ತದೆ ನೋಡುತ್ತ ಕೂತಿದ್ದೆ.

ಯುಎಸ್‌ಬಿ ಡಿಸ್ಕನ್ನು ಬೇಕೆಂದೇ ಅನ್‌ಮೌಂಟ್ ಮಾಡಿ ಬ್ಯಾಕಪ್ ಓಡಿಸಿದೆ. ಈ ಬಾರಿ ಕೆಂಪು ದೋಷ ಬಂತು. ಕೆಂಪು ನೋಡಿ ಇಷ್ಟು ಖುಷಿಯಾದದ್ದು ಇದೇ ಮೊದಲು.

ತುಂಗಾತೀರ | 24, ಬೆಳಿಗ್ಗೆ 7:05

ನಿನ್ನೆ ರಾತ್ರಿ ಮುಗಿಸಿದೆ. 9ಕ್ಕೆ ಶುರು, ನಾಲ್ಕು ವಿಎಂಗಳೂ ಹೊಸ ಎಸ್‌ಎಸ್‌ಡಿಗೆ ಹೋಗುವಷ್ಟರಲ್ಲಿ 11 ದಾಟಿತ್ತು. ಒಂದು ಕಡೆ ಸಿಕ್ಕಿಹಾಕಿಕೊಂಡೆ. ಕ್ಲೌಡ್-ಇನಿಟ್ ಡ್ರೈವನ್ನು ಸಾಗಿಸಲು ಹೋದರೆ ಅದು ಸಿಡಿ ಡ್ರೈವ್, ಸಾಗಿಸಲಾಗದು ಎಂದಿತು. ಅದನ್ನು ತೆಗೆದು ಹೊಸ ಸ್ಟೋರೇಜ್‌ನಲ್ಲಿ ಮತ್ತೆ ಸೇರಿಸಿದೆ. ಇನ್ನೊಂದು: ಸಾಗಿಸಿದ ಮೇಲೆ ಒಂದು ವಿಎಂನ ಡಿಸ್ಕ್ ಪೂರ್ತಿ ಗಾತ್ರಕ್ಕೆ ಉಬ್ಬಿತ್ತು, ಒಳಗೆ ಎಫ್‌ಎಸ್‌ಟ್ರಿಮ್ ಕೊಟ್ಟ ಮೇಲೆ ಇಳಿಯಿತು.

‘ಎಲ್‌ವಿರಿಮೂವ್’ಗೆ ಮೊದಲು ‘ಎಲ್‌ವಿಎಸ್’ ಪಟ್ಟಿಯನ್ನು ನಮ್ಮ ಗುಮಾಸ್ತರ ಕೈಗೆ ಕೊಟ್ಟು ಜೋರಾಗಿ ಓದಿಸಿದೆ. ಅವರಿಗೆ ಅದರ ಅರ್ಥ ಗೊತ್ತಿಲ್ಲ, ಅದಕ್ಕೇ ಅವರಿಂದ ಓದಿಸಿದ್ದು. ಒಂದು ಸಾಲನ್ನೂ ಬಿಡದೆ ಓದಿದರು. ಏಳನೆಯ ಸಾಲಿಗೆ ‘ಇದರಲ್ಲೂ ಡೇಟಾ ಅಂತ ಇದೆಯಲ್ಲ ಮೇಡಂ’ ಎಂದರು. ನಾನು ಮರೆತೇಬಿಟ್ಟಿದ್ದ ಹಳೆಯ ಟೆಂಪ್ಲೇಟ್‌ನ ಬೇಸ್ ಡಿಸ್ಕ್. ಅದನ್ನು ಸಾಗಿಸಿ ಮತ್ತೊಮ್ಮೆ ಓದಿಸಿದೆ. ಡಿಸ್ಕ್‌ಗಳು ಮರಳಿ ಬಂದಾಗ ಬೆಳಗಿನ ಜಾವ 3:20.

ಹಳೇಕೀಲಿ | 24, ಬೆಳಿಗ್ಗೆ 8:12

ಆ ಗುಮಾಸ್ತರಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕೊಡಿಸಿ.

ಲೆಕ್ಕದಮನೆಯವರೇ, 14ರಂದು ಯುಎಸ್‌ಬಿ ಡಿಸ್ಕನ್ನು ಮತ್ತೆ ಮೌಂಟ್ ಮಾಡಿದವರು ಯಾರೆಂದು ತಿಳಿಯಿತೇ? ಅವರು ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಲೆಕ್ಕದಮನೆ | 24, ಬೆಳಿಗ್ಗೆ 10:30

ತಿಳಿಯಿತು ಸರ್. ಉಳಿದಿದ್ದ ಜರ್ನಲ್ ಲಾಗ್ ತೆಗೆದು ನೋಡಿದೆ. 14ರ ಸಂಜೆ 7:40ಕ್ಕೆ ಡಿಸ್ಕ್ ಮೌಂಟ್ ಆಗಿದೆ, ಅದಕ್ಕೆ ಎರಡು ನಿಮಿಷ ಮೊದಲು ರೂಟ್ ಲಾಗಿನ್ ಆಗಿದೆ, ನನ್ನ ಲ್ಯಾಪ್‌ಟಾಪ್‌ನ ವಿಳಾಸದಿಂದ. ಮನೆಗೆ ಹೊರಡುವ ಅವಸರದಲ್ಲಿ ಡಿಸ್ಕ್‌ನ ದೀಪ ಆರಿದ್ದು ನೋಡಿ ಕೇಬಲ್ ಒತ್ತಿ ‘ಮೌಂಟ್’ ಕೊಟ್ಟು ಹೋಗಿದ್ದೆ. ಆಮೇಲೆ ಅದು ನೆನಪೇ ಆಗಲಿಲ್ಲ. ಮೊದಲ ಪೋಸ್ಟ್‌ನಲ್ಲಿ ಹಿಂದಿನವರ ಬಗ್ಗೆ ಬರೆದ ಸಾಲನ್ನು ಅಳಿಸಲು ಹೋದೆ, ಸಂಪಾದಿಸುವ ಅವಧಿ ಮುಗಿದಿದೆಯಂತೆ.